ಕಳ್ಳನಿದ್ದೆ

ವಾರವೆಲ್ಲ ಗಾರ್ಮೆಂಟ್ಸಿನಲ್ಲಿ ದುಡಿಯುವ ಪುಟ್ಟಗೌರಿಗೆ ಭಾನುವಾರ ಮಧ್ಯಾಹ್ನದ ನಿದ್ದೆಯೊಂದೇ ಸುಖ. ಈಚೆಗೆ ಅದೂ ಕೆಟ್ಟಿತ್ತು. ಕಾಮರ್ಸ್ ಓದುವ ಮಗಳು ಊಟವಾದ ತಕ್ಷಣ ಚಾಪೆ ಹಾಸಿ, “ಮಲ್ಕೋಮ್ಮ, ಸುಸ್ತಾಗಿದೀಯ” ಎನ್ನುತ್ತಿದ್ದಳು. ಎದ್ದು ನೋಡಿದರೆ ಅವಳ ಉಗುರಲ್ಲೆಲ್ಲ ಹಸಿ ಮಣ್ಣು.

“ಎಲ್ಲಿಗೆ ಹೋಗಿದ್ಯೇ?”

“ಎಲ್ಲೂ ಇಲ್ಲ. ನಿಂದೊಳ್ಳೆ ಪೊಲೀಸ್ ಕೆಲಸ.”

ಯಾವನ ಜೊತೆ ತಿರುಗುತ್ತಾಳೋ ಎಂಬ ಗುಮಾನಿಯಲ್ಲಿ ತಾಯಿಗೆ ಅನ್ನ ಸೇರದಾಯಿತು. ಈ ವಾರ ಹಿಡಿದೇಬಿಡಬೇಕೆಂದು ಕಣ್ಣು ಮುಚ್ಚಿ, ಸಣ್ಣಗೆ ಗೊರಕೆಯನ್ನೂ ಹೊಡೆದು, ಚಿಲಕದ ಸದ್ದಿಗೆ ಕಾದಳು. ಹೆಜ್ಜೆಗಳು ಬಾಗಿಲ ಕಡೆ ಹೋಗಲಿಲ್ಲ. ಅವಳ ತಲೆದಿಂಬಿನ ಹತ್ತಿರವೇ ಬಂದು ನಿಂತವು.

“ಕಳ್ಳನಿದ್ದೆ ಬೇಡಮ್ಮ,” ಎಂದಳು ಮಗಳು. “ನಿಜವಾಗ್ಲೂ ಮಲ್ಗಿದ್ರೆ ನಿನ್ ಬಾಯಿ ತೆರ್ದಿರುತ್ತೆ. ನೀನ್ ಮಲ್ಗಿರೋವಾಗ ನಿನ್ನ ನೋಡ್ಕೊಂಡು ಮೂರ್ತಿ ಮಾಡೋದು ಕಲೀತಿದೀನಿ. ಎಷ್ಟೋ ಸಲ ಕೆಡಿಸಿ ಈಗ ಮಣ್ಣಲ್ಲಿ ನಿನ್ ಮೂಗು ಬಂದಿದೆ, ಬಾಯಿ ಒಂದೇ ಬಾಕಿ.”