ಅಮ್ಮನ ಚಪ್ಪಲಿ

ಬಾಗಿಲಿಗೆ ಬಣ್ಣ ಹೊಡೆಯುವವರು ಟರ್ಪೆಂಟೈನ್ ಡಬ್ಬಿ ತೆರೆದರೆ ಸಾಕು, ಈಗಲೂ ನನ್ನ ಸಿಟ್ಟು ನೆತ್ತಿಗೇರುತ್ತದೆ.

ಬೊಂಬಾಯಿಯ ಬಟ್ಟೆಯಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಸೋದರಮಾವ, ನನ್ನ ಬಾಲ್ಯದಲ್ಲಿ ನಾವು ಅವರಲ್ಲಿಗೆ ಹೋಗಿದ್ದಾಗ, ಒಂದು ಮಧ್ಯಾಹ್ನ ಅಲ್ಲಿನ ಗುಡ್ಡದ ಮೇಲಿನ ಹಳೆಯ ಕೇರಿ ತೋರಿಸಲು ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಕೆತ್ತನೆಯ ಮರದ ಬಾಲ್ಕನಿಗಳು, ಸವೆದು ನುಣುಪಾದ ಕಲ್ಲುಮೆಟ್ಟಿಲುಗಳು, ಅಲ್ಲಲ್ಲಿ ಕೂತು ಚಿತ್ರ ಬರೆಯುವವರು. ಈ ಪ್ರಯಾಣಕ್ಕೆಂದೇ ಅಮ್ಮ ಪುತ್ತೂರು ಪೇಟೆಯಲ್ಲಿ ಜನ್ಮದ ಮೊದಲ ಚಪ್ಪಲಿ ಕೊಂಡಿದ್ದಳು. ಬೆರಳ ಸಂದಿ ಸುಲಿದು ಕೆಂಪಾಗಿತ್ತು. ಆದರೂ ಕಳಚಿರಲಿಲ್ಲ.

ಒಬ್ಬ ಚಿತ್ರಕಾರ ಅಮ್ಮನನ್ನು ಗೋಡೆಯ ಪಕ್ಕ ನಿಲ್ಲುವಂತೆ ಕೈಸನ್ನೆ ಮಾಡಿದ.

"ನಿಲ್ಲು ಅಕ್ಕ, ದೊಡ್ಡ ಕಲಾವಿದರು ಅವರು," ಎಂದರು ಮಾವ.

ಅಮ್ಮ ಬಿಸಿಲಲ್ಲಿ ನಿಂತೇ ಇದ್ದಳು. ಕೊನೆಗೆ ನೋಡಿದರೆ ಚಿತ್ರದ ಹೆಂಗಸಿನ ತಲೆಯ ಮೇಲೆ ಹುಲ್ಲಿನ ಹೊರೆ, ಮೈಮೇಲೆ ಹರಿದ ಸೀರೆ, ಬರಿಗಾಲು. ಮುಖ ಮಾತ್ರ ಅಮ್ಮನದೇ.

"ಎಂತ ಇದು? ನನ್ನ ಚಪ್ಪಲಿ ಎಲ್ಲಿ ಉಂಟು?"

ಮಾವ ಹಿಂದಿಯಲ್ಲಿ ಕೇಳಿದರು. ಅವನು ನಗುತ್ತಾ ಏನೋ ಹೇಳಿದ.

"ಹಳ್ಳಿಯವರು ಹೀಗಿದ್ರೇ ಚಂದ ಅಂತೆ," ಎಂದು ಮಾವನೂ ನಕ್ಕರು. "ಬಿಡು ಅಕ್ಕ, ಚಿತ್ರ ಅಲ್ವಾ ಅದು."

ಅಮ್ಮ ನೆರಿಗೆ ಎತ್ತಿ, ಚಪ್ಪಲಿ ಹಾಕಿದ ಕಾಲನ್ನು ಟರ್ಪೆಂಟೈನ್ ನಾರುತ್ತಿದ್ದ ಅವನ ಬಣ್ಣದ ಪೆಟ್ಟಿಗೆಯ ಪಕ್ಕದಲ್ಲೇ ಊರಿದಳು.

"ಈಗ ಬರೀಲಿಕ್ಕೆ ಹೇಳು."

ಅವನು ಬರೆಯಲಿಲ್ಲ. ಮಾವ ಅವಳ ತೋಳು ಹಿಡಿದೆಳೆದರು. "ನನ್ನ ಮರ್ಯಾದೆ ತೆಗೀಬೇಡ ಮಾರಾಯ್ತಿ!"

ಅಮ್ಮ ಕೈ ಕೊಡವಿಕೊಂಡಳು. ಗುಡ್ಡ ಇಳಿಯುವಷ್ಟು ದೂರವೂ ಬೇಕೆಂದೇ ಚಪ್ಪಲಿಯನ್ನು ಕಲ್ಲಿಗೆ ಬಡಿಯುತ್ತಾ ನಡೆದಳು. ಕೇರಿಯವರೆಲ್ಲ ತಿರುಗಿ ನೋಡಿದರು. ಅವಳ ಹಿಂದೆಯೇ ನಾನೂ ಕಾಲು ಅಪ್ಪಳಿಸಿದೆ. ನನ್ನದು ಬರಿಗಾಲು, ಸದ್ದೇ ಬರಲಿಲ್ಲ.