ಬೀಗ ಹಾಕದ ಜಾಡಿ

ಅಂಗಡಿಯ ವಿನೆಗರ್ ಒಂದು ಬಾಟಲಿಗೆ ಅವಳು ಮೂರು ಪ್ಯಾಂಟಿನ ಅಂಚು ಮಡಿಸಿ ಹೊಲಿದ ಕೂಲಿ ಹೋಗುತ್ತಿತ್ತು. ಅದಕ್ಕೆ ಜಜ್ಜಿದ ಹಣ್ಣು, ಸಕ್ಕರೆ, ಒಂದು ಹಿಡಿ ಪುದೀನ ಸೇರಿಸಿ ವಾರ ಇಟ್ಟರೆ ಗಂಡನಿಗೆ ಹದಿನೈದು ಸಂಜೆಗೆ ಆಗುವಷ್ಟು ಹುಳಿ ಶರಬತ್ತು. ಕುಡಿತ ಬಿಟ್ಟು ಹನ್ನೊಂದು ತಿಂಗಳಾಗಿದ್ದ ಅವನಿಗೆ ಸಂಜೆಯಾದರೆ ಗಂಟಲು ಕಚ್ಚುವಂಥದ್ದು ಏನಾದರೂ ಬೇಕಿತ್ತು. ಬರೀ ಸಿಹಿಗೆ ಆ ಗಂಟಲು ಬಗ್ಗುತ್ತಿರಲಿಲ್ಲ. ವಿನೆಗರನ್ನೇ ಮನೆಯಲ್ಲಿ ಮಾಡಿದರೆ ಕೂಲಿ ಉಳಿದೀತೆಂದು ಅವಳು ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಹೋಗಿ, ಬಾಡಿದ ದ್ರಾಕ್ಷಿ ನಾಲ್ಕು ಕಿಲೋ ಅರ್ಧ ಬೆಲೆಗೆ ತಂದು, ಹಿಚುಕಿ, ಜಾಡಿಗೆ ತುಂಬಿ ಬಟ್ಟೆ ಕಟ್ಟಿದಳು.

ಹನ್ನೆರಡನೆಯ ದಿನ ಬಟ್ಟೆ ಬಿಚ್ಚಿದವಳು ಹಾಗೇ ನಿಂತುಬಿಟ್ಟಳು. ಒಂಬತ್ತು ವರ್ಷ ದಿನಾ ಸಂಜೆ ಬಾಗಿಲು ದಾಟಿ ಒಳಗೆ ಬರುತ್ತಿದ್ದ ವಾಸನೆ ಈಗ ಅವಳು ಕೈಯಾರೆ ತುಂಬಿದ ಜಾಡಿಯಿಂದಲೇ ಏಳುತ್ತಿತ್ತು.

ಅತ್ತೆ ಮೂಗು ಮುಚ್ಚಿಕೊಂಡರು. “ಮನೇಲೇ ಗಡಂಗು ಇಟ್ಟೆಯಲ್ಲೇ. ಅವನು ಬರೋದ್ರೊಳಗೆ ಚೆಲ್ಲು.”

“ನಾಲ್ಕು ಕಿಲೋ ದ್ರಾಕ್ಷಿ, ಅತ್ತೆ. ಬೀರುವಿನಲ್ಲಿಟ್ಟು ಬೀಗ ಹಾಕ್ತೀನಿ.”

“ಬೀಗವಾ? ಊರಿನ ಬೀಗಾನೆಲ್ಲ ಒಂದು ತಂತೀಲಿ ತೆಗೆಯೋನಿಗೆ ನಿನ್ನ ಬೀರು ಯಾವ ಲೆಕ್ಕ?”

ಬೀಗ ರಿಪೇರಿಯೇ ಅವನ ಕಸುಬು. ಮರೆತು ಹೋಗಿದ್ದ ಅರ ತೆಗೆದುಕೊಳ್ಳಲು ಅವನು ಆ ಹೊತ್ತಿಗೇ ಬಂದ. ಹೊಸಿಲಲ್ಲೇ ಕಾಲು ನಿಂತಿತು. ಅವನು ಅಡುಗೆಮನೆಗೆ ಬಂದು ಜಾಡಿಯ ಮೇಲೆ ಬಗ್ಗಿ, ಒಮ್ಮೆ ಮೂಸಿ, ಎರಡು ಹೆಜ್ಜೆ ಹಿಂದೆ ಸರಿದ.

“ಚೆಲ್ತೀನಿ ರೀ. ನಂಗೆ ಗೊತ್ತಾಗ್ಲಿಲ್ಲ.”

“ಚೆಲ್ಲೋದ್ಯಾಕೆ? ನೀನೇನೂ ತಪ್ಪು ಮಾಡಿಲ್ಲ. ಹೆಂಡ ಆಗದೆ ವಿನೆಗರ್ ಆಗಲ್ಲ. ನಾನು ಹೋಗ್ತಿದ್ದ ಅಂಗಡಿಯೋನು ಒಂದ್ಸಲ ಪೀಪಾಯಿ ಮುಚ್ಚೋದು ಮರೆತು, ಎಲ್ಲ ಹುಳಿಯಾಯ್ತು ಅಂತ ತಲೆ ಚಚ್ಕೊಂಡಿದ್ದ. ಇದಕ್ಕೆ ಗಾಳಿ ತಾಗಬೇಕು. ಮುಚ್ಚಿ ಬಚ್ಚಿಟ್ರೆ ಹೆಂಡವಾಗೇ ಕೂತಿರುತ್ತೆ.”

“ಎಷ್ಟು ದಿನ?”

“ತಿಂಗಳು ಬೇಕು. ದಿನಾ ಕಲಕಬೇಕು.”

“ತಿಂಗಳು ಪೂರ್ತಿ ಇದು ನಿನ್ನ ಕಣ್ಣೆದುರಿಗೇನಾ?” ಎಂದರು ಅತ್ತೆ. “ಬೆಕ್ಕಿನ ಮುಂದೆ ಹಾಲಿಟ್ಟ ಹಾಗಾಯ್ತು ಕಣೋ.”

“ಬೆಕ್ಕೇ ಕಾವಲಿಗೆ ಕೂತ್ಕೊಳ್ತೀನಿ ಅಂತಿದೆಯಲ್ಲಮ್ಮ.” ಹಾಗೆಂದನೇ ಹೊರತು ಅವನು ನಗಲಿಲ್ಲ. ಹೆಂಡತಿಯ ಕಡೆ ತಿರುಗಿದ. “ನೀನು ಹೇಳು. ಬೇಡ ಅಂದ್ರೆ ಈಗ್ಲೇ ಚೆಲ್ಲೋಣ.”

ಅವಳು ಬಟ್ಟೆಯನ್ನು ಸಡಿಲವಾಗಿ ಕಟ್ಟಿ, ಜಾಡಿಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿದಳು. ಉದ್ದ ಹಿಡಿಯ ಮರದ ಸೌಟನ್ನು ಅವನ ಕೈಗೆ ಕೊಟ್ಟಳು.

ದಿನಾ ಬೆಳಿಗ್ಗೆ ಹೊರಡುವ ಮುಂಚೆ ಅವನು ಹತ್ತು ಸುತ್ತು ಕಲಕಿ, ಸೌಟನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಿದ್ದ. ಅವಳು ಹೊಲಿಗೆಯಂತ್ರ ತುಳಿಯುವುದನ್ನು ನಿಲ್ಲಿಸಿ ನಲ್ಲಿಯ ಸದ್ದಿಗೆ ಕಾಯುತ್ತಿದ್ದಳು. ಕೆಲವು ದಿನ ಅವನು ಊಟದ ತಟ್ಟೆ ಹಿಡಿದು ಹೊರಗೆ ಮೆಟ್ಟಿಲ ಮೇಲೆ ಕೂರುತ್ತಿದ್ದ. ಒಳಗೆ ಸೆಕೆ ಎನ್ನುತ್ತಿದ್ದ, ಸ್ವೆಟರ್ ಹಾಕಿಕೊಂಡೇ.

ಮೂರನೆಯ ವಾರ ಒಂದು ಬೆಳಿಗ್ಗೆ ನಲ್ಲಿಯ ಸದ್ದಿನ ಬದಲು ಅವನ ದನಿ ಬಂತು. “ಬಾರೇ ಇಲ್ಲಿ. ಇವತ್ತು ನೀನು ಕಲಕು.”

ಅವಳು ಹೋದಾಗ ಅವನು ಎರಡೂ ಕೈ ಕಂಕುಳಲ್ಲಿಟ್ಟುಕೊಂಡು ಗೋಡೆಗೊರಗಿ ನಿಂತಿದ್ದ. ಸೌಟು ಒಣಗಿಯೇ ಇತ್ತು. ಇಷ್ಟು ತಿಂಗಳು ಕುಡಿಯದೆ ಇದ್ದದ್ದಕ್ಕಿಂತ ಅವನು ಆ ಒಂದು ಮಾತು ಬಾಯಿಬಿಟ್ಟು ಹೇಳಿದ್ದು ಅವಳಿಗೆ ದೊಡ್ಡದಾಗಿ ಕಂಡಿತು. ಹಾಗಂತ ಹೊಗಳಲು ಹೋಗಲಿಲ್ಲ. ಹತ್ತು ಸುತ್ತು ಕಲಕಿ, “ನಾಳೆ ನಿಮ್ಮ ಸರದಿ” ಎಂದಳು.

ತಿಂಗಳು ತುಂಬಿದ ದಿನ ಅತ್ತೆ ಬಗ್ಗಿ ಮೂಸಿ, ಕೆಮ್ಮಿ, ಕಣ್ಣೊರೆಸಿಕೊಂಡು, “ಹುಳಿ ಅಂದ್ರೆ ಹುಳಿ ಕಣೇ” ಎಂದರು. ಸೋಸಿದಾಗ ಎರಡೂವರೆ ಬಾಟಲಿ ಬಂತು. ಒಂದಕ್ಕೆ ಅನಾನಸ್ ಮತ್ತು ಪುದೀನ ಬಿತ್ತು, ಇನ್ನೊಂದಕ್ಕೆ ಕಿತ್ತಳೆ ಮತ್ತು ಶುಂಠಿ. ಉಳಿದ ಅರ್ಧ ಮುಂದಿನ ಜಾಡಿಗೆ ಹೆಪ್ಪು.

ಅಂದು ಸಂಜೆ ಅವನು ಬಾಗಿಲಲ್ಲಿ ಒಂದು ಗಳಿಗೆ ನಿಂತ. ಅವನು ಕುಡಿತ ಬಿಟ್ಟ ದಿನದಿಂದ ಅವಳು ದಿನಾ ಅವನ ಕೆಲಸದ ಚೀಲ ಇಸಿದುಕೊಳ್ಳುವ ನೆಪದಲ್ಲಿ ಎದ್ದು ಬಂದು, ಅವನ ಮುಖದ ಹತ್ತಿರ ಒಮ್ಮೆ ಉಸಿರೆಳೆದುಕೊಂಡು ಹೋಗುತ್ತಿದ್ದಳು. ನೆಪ ಯಾವುದಕ್ಕೆಂದು ಅವನಿಗೂ ಗೊತ್ತಿತ್ತು.

“ಏನು, ಇವತ್ತು ಚೀಲ ಇಸ್ಕೊಳ್ಳೋಕೆ ಬರ್ಲಿಲ್ಲ?”

“ಮೊಳೆ ಅಲ್ಲೇ ಇದೆಯಲ್ಲ, ನೀವೇ ನೇತುಹಾಕಿ” ಎಂದಳು ಅವಳು, ಹೊಲಿಗೆಯಿಂದ ತಲೆಯೆತ್ತದೆ.

ನಾಲ್ಕು ಕಿಲೋ ದ್ರಾಕ್ಷಿಗೆ ಸಿಕ್ಕಿದ್ದು ಎರಡೂವರೆ ಬಾಟಲಿ. ಕಳೆದುಹೋದದ್ದು, ಅವಳ ಒಂದು ವರ್ಷದ ಮೂಸುವ ಚಾಳಿ.