ಅಪ್ಪನ ಮುಷ್ಟಿಯೊಳಗಿನ ಬೀಗದ ಕೈ

ಮಕ್ಕಳೇ, ಹಳೇ ಪೆಟ್ಟಿಗೆಯಲ್ಲಿ ನಿಮಗೆ ಸಿಕ್ಕಿದ ಆ ತುಕ್ಕು ಹಿಡಿದ ಬೀಗದ ಕೈಯನ್ನು ಮೂಸಿದರೆ ನನಗೆ ಈಗಲೂ ಒಂದು ಮಧ್ಯಾಹ್ನ ಕಣ್ಣೆದುರು ಬರುತ್ತದೆ.

ವಿಜಯಪುರದ ನಮ್ಮ ಮನೆಯಲ್ಲಿ ಅಪ್ಪ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಮೂರು ದಿನದಿಂದ ಜ್ವರವಿದ್ದ ಅವರಿಗೆ ಅಂದು ಫಿಟ್ಸ್ ಬಂತು. ಅಜ್ಜಿ ಇದೇ ಬೀಗದ ಕೈಯನ್ನು ಅವರ ಮುಷ್ಟಿಯಲ್ಲಿಟ್ಟು, ಮೇಲೆ ನನ್ನ ಎರಡೂ ಕೈ ಇರಿಸಿದರು.

"ಕಬ್ಬಿಣ ಹಿಡಿದ್ರೆ ನಿಲ್ತದೆ ಕಣೇ. ಬೀಳಿಸ್ಬೇಡ."

"ಆಸ್ಪತ್ರೆಗೆ ಕರ್ಕೊಂಡೋಗಣ ಅತ್ತೆ," ಎಂದರು ಅಮ್ಮ.

"ಸುಮ್ಕಿರು, ಈಗ ನಿಲ್ತದೆ."

ನಾನು ಬೀಳಿಸಲಿಲ್ಲ. ಬಿಸಿಲು ಹೊಸ್ತಿಲಿನಿಂದ ಒರಳುಕಲ್ಲಿನವರೆಗೆ ಸರಿದರೂ ಅಪ್ಪನ ಕೈ ನನ್ನ ಕೈಯೊಳಗೆ ಅದುರುತ್ತಲೇ ಇತ್ತು. ಕೊನೆಗೆ ಅಮ್ಮ ಯಾರ ಮಾತೂ ಕೇಳದೆ ಪಕ್ಕದ ಮನೆಯ ಗಾಡಿ ಕಟ್ಟಿಸಿದರು. "ಮಿದುಳಿಗೆ ಪೆಟ್ಟಾಗಿದೆ. ತುಂಬಾ ಹೊತ್ತು ಹಾಗೇ ಬಿಟ್ಬಿಟ್ರಿ," ಎಂದರಂತೆ ಡಾಕ್ಟರು.

ತಿಂಗಳಾದ ಮೇಲೆ ಮನೆಗೆ ಬಂದ ಅಪ್ಪ ನೇರವಾಗಿ ಗೂಡಿನ ಒಲೆಯ ಮುಂದೆ ಕೂತರು. ಬಿಸಿನೀರಿನಲ್ಲಿ ತೇಲುವ ಗೂಡಿನ ಎಳೆ ಅವರ ಬೆರಳಿಗೆ ತಕ್ಷಣ ಸಿಕ್ಕಿತು.

"ನೋಡಿದ್ಯಾ, ಏನೂ ಮರ್ತಿಲ್ಲ ನನ್ಮಗ!" ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಪ್ಪ ಎಂದಿನಂತೆ ಆ ಎಳೆಯನ್ನು ನನ್ನ ಕೈಗೆ ಕೊಟ್ಟು, ನನ್ನ ಮುಖ ನೋಡಿದರು. ಆಮೇಲೆ ಅವರು ಬದುಕಿರುವವರೆಗೂ ದಿನಾ ಕೇಳಿದ ಪ್ರಶ್ನೆಯನ್ನು ಅಂದು ಮೊದಲ ಸಲ ಕೇಳಿದರು.

"ನೀನು ಯಾರ ಮಗಳವ್ವ?"

"ನಿನ್ಮಗಳೇ ಕಣಪ್ಪ."

"ಹೌದಾ? ಚೆನ್ನಾಗಿ ಹಿಡ್ಕೊಂಡಿದೀಯ."